ಹೊಗೆ ತುಂಬಿದ ಹಗೇವು

ಸಿಟ್ಟು ಬಂದಾಗ ನನ್ನ ಬಾಯಿಂದ ಬರುವ ಮಾತು ನನ್ನದಲ್ಲ, ನಮ್ಮಪ್ಪನದು ಎಂದು ಅವ್ವ ಹೇಳುತ್ತಾಳೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು, ಪಾಪ, ಇನ್ನೂ ನನ್ನ ತಪ್ಪುಗಳನ್ನೆಲ್ಲ ಹೊರುತ್ತಿದ್ದಾನೆ. ಆದರೆ ಅಬ್ಬಿಗೇರಿಯ ಗ್ರಾಮಸಭೆಯಲ್ಲಿ ನಾಲ್ಕು ಮಂದಿಯ ಮುಂದೆ ಎದ್ದು ನಿಂತು, "ಹಂಗಾರ ನಮ್ಮ ಮನಿ ಹಗೇವಿನಾಗನ ತುಂಬ್ತೀನಿ, ಬಂದು ನೋಡ್ರಿ" ಎಂದವನು ನಾನೇ, ಅನಿಲಕುಮಾರನೇ. ಎಂ.ಎಸ್ಸಿ. ರಸಾಯನಶಾಸ್ತ್ರ, ಪ್ರಥಮ ದರ್ಜೆ. ಬುದ್ಧಿ ಯಾವ ದರ್ಜೆಯದು ಎಂದು ವಿಶ್ವವಿದ್ಯಾಲಯದವರು ಬರೆದುಕೊಡಲಿಲ್ಲ.

ಕಾಳು ಕೂಡಿಡುವ ಆ ನೆಲಗುಳಿಗೆ ತುಂಬುತ್ತೇನೆ ಎಂದದ್ದು ಜೋಳವನ್ನಲ್ಲ, ಕಲ್ಲಿದ್ದಲಿನ ಹೊಗೆಯನ್ನು.

ಸ್ವಲ್ಪ ಹಿಂದಿನಿಂದ ಹೇಳಬೇಕು. ನಾನು ರೋಣದ ಒಂದು ಕಾಲೇಜಿನಲ್ಲಿ ಗಂಟೆ ಲೆಕ್ಕದಲ್ಲಿ ಪಾಠ ಹೇಳುತ್ತಿದ್ದೆ. ಅಷ್ಟರಲ್ಲಿ ಸರ್ಕಾರದ ನೆರವಿನ ಒಂದು ಯೋಜನೆ ಬಂತು. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರದ ಚಿಮಣಿಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು ಅಲ್ಲಿಯೇ ಹಿಡಿದು, ಒತ್ತಿ, ನೆಲದಾಳದ ಬಂಡೆಯೊಳಗೆ ಕೂಡಿಡುವುದು. ಬಂಡೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಎಂದು ನೋಡಲು ನಮ್ಮೂರಿನ ಪಂಚಾಯಿತಿಗೆ ಸೇರಿದ ಗಾಂವಠಾಣಾ ಜಾಗದಲ್ಲಿ ಒಂದು ಪರೀಕ್ಷೆಯ ಬೋರು ಕೊರೆಯಬೇಕಾಗಿತ್ತು. ಅದಕ್ಕೆ ಗ್ರಾಮಸಭೆಯ ಒಪ್ಪಿಗೆಯ ಠರಾವು ಬೇಕು. ಠರಾವು ತರಲು ಊರಿನವನೇ ಒಬ್ಬ ಬೇಕು. ನನ್ನನ್ನು 'ಜನಸಂಪರ್ಕ ಅಧಿಕಾರಿ' ಎಂದು ತಾತ್ಕಾಲಿಕವಾಗಿ ತೆಗೆದುಕೊಂಡರು. ಜನ ಬೈಯುವಾಗ ಮುಂದೆ ನಿಲ್ಲುವವನು ಎಂದು ಅದರ ಅರ್ಥ. ಠರಾವು ಬಂದರೆ ನೌಕರಿ ಖಾಯಂ, ಬಾರದಿದ್ದರೆ ಮತ್ತೆ ಬೆಳಗಿನ ಬಸ್ಸು, ಮತ್ತೆ ರೋಣ, ಮತ್ತೆ ಅದೇ ಕರಿಹಲಗೆ. ನನಗೆ ವಯಸ್ಸು ನಲವತ್ತು ದಾಟಿದೆ. ಖಾಯಂ ಎಂಬ ಶಬ್ದ ಕೇಳಿದರೆ ನನ್ನ ಬಾಯಲ್ಲಿ ನೀರೂರುತ್ತದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಗ್ರಾಮಸಭೆಯಲ್ಲಿ ನಾನು ಚಿತ್ರಗಳನ್ನು ತೋರಿಸಿದೆ. ಯಾರಿಗೂ ತಿಳಿಯಲಿಲ್ಲ. ಕಡಲೆ ವ್ಯಾಪಾರದ ಮಹಾಲಿಂಗಪ್ಪ ಕಾಕಾ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರು ಹೂಂ ಎಂದರೆ ಅರ್ಧ ಊರು ಹೂಂ ಅನ್ನುತ್ತದೆ, ಉಳಿದರ್ಧ ಅವರು ಅಂದರೆಂದೇ ಊಂಹೂಂ ಅನ್ನುತ್ತದೆ.

"ತಮ್ಮಾ, ನಿಮ್ಮ ಮಾಳಿಗಿ ಹತ್ತಿ ನಿಂತ್ರ ಗಜೇಂದ್ರಗಡದ ಕಡೀ ಫ್ಯಾನು ತಿರಗೂದು ಕಾಣತೈತಿ" ಎಂದರು. "ಗಾಳೀಲೆ ಕರೆಂಟ್ ಮಾಡೂ ಸೀಮಿಗೆ ಬಂದು ಹೊಗಿ ಹೂಳ್ತೀನಿ ಅಂತೀಯಲ್ಲ. ಹೊಗಿ ಮಾಡಿದಾಂವ ತನ್ನ ಹಿತ್ತಲದಾಗ ಹೂಳ್ಕೋಬೇಕಪ."

ಉತ್ತರ ಇಲ್ಲದಾಗ ಉಪಮೆ ಕೊಡಬೇಕು, ಮೇಷ್ಟರಾಗಿ ನಾನು ಕಲಿತದ್ದು ಅಷ್ಟೇ. "ಕಾಕಾ, ಇದು ಹೊಸಾದಲ್ರಿ. ನಮ್ಮ ಹಿರ್ಯಾರು ಜ್ವಾಳಾ ಹಗೇವಿನಾಗ ಇಡತಿದ್ರಲ್ಲ, ಹಂಗ. ನೆಲದಾಗ ತೆಗ್ಗು ತೋಡಿ, ಒಳಗ ತುಂಬಿ, ಬಾಯಿಗೆ ಕಲ್ಲಿಟ್ಟು, ಮಣ್ಣು ಮೆತ್ತಿ. ವರ್ಷಗಟ್ಲೆ ಒಂದು ಕಾಳು ಹೊರಗ ಬರತಿದ್ದಿಲ್ಲ. ನೆಲದಾಳದ ಬಂಡಿಗಲ್ಲು ಅಂದ್ರ ದೇವರು ತೋಡಿದ ಹಗೇವು."

ಹೇಳಿ ಮುಗಿಸುವಾಗ ನನಗೇ ನನ್ನ ಮೇಲೆ ಅಭಿಮಾನ ಬಂದಿತ್ತು. ಅದು ಬಹಳ ಹೊತ್ತು ನಿಲ್ಲಲಿಲ್ಲ. ನಮ್ಮ ಹೊಲಕ್ಕೂ ಮನೆಗೂ ದುಡಿಯಲು ಬರುವ ಗಾಳೆವ್ವ ಹೆಂಗಸರ ಗುಂಪಿನಿಂದ ಎದ್ದಳು. ಅವಳು ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆದವಳು, ಹಾಗಾಗಿ ನನ್ನ ಹುದ್ದೆಗೆ ಅವಳಲ್ಲಿ ಕಿಮ್ಮತ್ತಿಲ್ಲ.

"ಅನಿಲಪ್ಪ, ಹಗೇವಿನ ಬಾಯಿ ತೆಗದು ಅವಸರ ಮಾಡಿ ಇಳದವರು ಏನಾಗ್ಯಾರ ಅಂತ ಗೊತ್ತೈತಿಲ್ರಿ ನಿಮಗ? ಒಳಗಿನ ಕೆಟ್ಟ ಗಾಳಿ ಕುಡದು ಹೋದವರು ಊರಿಗೊಬ್ರು ಅದಾರ."

ಗೊತ್ತಿರಲಿಲ್ಲವೇ? ನಮ್ಮ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಹಗೇವು ತೆಗೆದ ಮೇಲೆ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ಅದು ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು, ಇಲ್ಲವಾದರೆ ಇಲ್ಲ. ಆ ಕೆಟ್ಟ ಗಾಳಿ ಮತ್ತೇನಲ್ಲ, ನಾನು ಹೂಳಲು ಬಂದಿದ್ದ ಅದೇ ಇಂಗಾಲದ ಡೈಆಕ್ಸೈಡು. ಅದು ಭಾರದ ಗಾಳಿ, ಮೇಲೇಳುವುದಿಲ್ಲ, ತಳ ಹಿಡಿದು ಕೂಡುತ್ತದೆ ಎಂದು ಹತ್ತು ನಿಮಿಷದ ಹಿಂದೆ ಭಾಷಣದಲ್ಲಿ ಹೇಳಿದವನೂ ನಾನೇ. ಜಗತ್ತಿನಲ್ಲಿ ಸಾವಿರ ಉಪಮೆಗಳಿದ್ದವು. ಇರಲಾರದೆ ಇರುವೆ ಬಿಟ್ಟುಕೊಂಡೆ.

ಸಭೆಯಲ್ಲಿ ನಗು ಎದ್ದಿತು. ಮಹಾಲಿಂಗಪ್ಪ ಕಾಕಾ ನಗದೆ ಕೇಳಿದರು: "ಅಷ್ಟು ಚಲೋದಿದ್ರ ನಿಮ್ಮ ಮನ್ಯಾಗ ಇಟ್ಕೋ. ಇಟ್ಕೊಂಡು ತೋರ್ಸು. ಆಮ್ಯಾಲ ಠರಾವಿನ ಮಾತು."

ಆಗಲೇ ಅಪ್ಪ ನನ್ನ ಬಾಯಿಯಿಂದ ಮಾತಾಡಿದ್ದು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಮನೆಗೆ ಬಂದಾಗ ಹೆಂಡತಿ ಶ್ವೇತಾ ಬಾಗಿಲಲ್ಲೇ ನಿಂತಿದ್ದಳು. ನಮ್ಮೂರಲ್ಲಿ ಸುದ್ದಿ ಮನುಷ್ಯನಿಗಿಂತ ಮೊದಲು ಮನೆ ಮುಟ್ಟುತ್ತದೆ.

"ಹೊಗಿ ತರ್ತೀರಂತ?"

"ಹೊಗಿ ಅಲ್ಲ, ಅದರಾಗಿಂದು..."

"ಸಂತಿಗೆ ಹೋದ್ರ ಕೊತಂಬ್ರಿ ತರೂದು ಮರೀತೀರಿ. ಹೊಗಿ ತರೂದು ಮಾತ್ರ ನೆನಪಿರತೈತಿ ನೋಡ್ರಿ."

ನಮ್ಮ ಹಗೇವು ಪಡಸಾಲೆಯ ನೆಲದಲ್ಲೇ ಇದೆ. ಮುತ್ತಜ್ಜನ ಕಾಲದ್ದು, ಒಳಗೆಲ್ಲ ಕಲ್ಲು ಕಟ್ಟಿದ್ದು, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಜೋಳ ಬಿಟ್ಟು ಕಡಲೆ ಬೆಳೆಯಲು ಹತ್ತಿದ ಮೇಲೆ ಅದು ಖಾಲಿಯೇ ಬಿದ್ದಿತ್ತು. ಬಾಯಿಯ ಚಪ್ಪಡಿಯ ಪಕ್ಕದಲ್ಲೇ ಅವ್ವ ಮಲಗುವ ಹೊರಸು. ಅವ್ವ, ಎಂದರೆ ರೇಣುಕವ್ವ, ಮದುವೆಯಾಗಿ ಬಂದಾಗಿನಿಂದ ಆ ಹೊರಸಿನ ಜಾಗ ಬದಲಾಗಿಲ್ಲ. ಬಾಗಿಲಿಗೆ ಬಂದವರೂ ಕಾಣಬೇಕು, ಒಲೆಯೂ ಕಾಣಬೇಕು ಎಂದು ಅವಳ ಹಟ.

ಅವ್ವ ನನ್ನನ್ನು ಕೇಳಿದ್ದು ಒಂದೇ ಮಾತು. "ಅದು ಹೊರಗ ಬರಂಗಿಲ್ಲ, ಹೌದಿಲ್ಲೋ?"

"ಬರಂಗಿಲ್ಲ ಬೇ."

"ಹಂಗಾರ ತುಂಬು" ಎಂದು ಅವರೆಕಾಯಿ ಸುಲಿಯತೊಡಗಿದಳು. ಇಡೀ ಯೋಜನೆಯಲ್ಲಿ ನನ್ನನ್ನು ನಂಬಿದ್ದ ಒಬ್ಬಳೇ ಒಬ್ಬಳು ಅವಳು. ನಾನೂ ಅಷ್ಟು ನಂಬಿರಲಿಲ್ಲ.

ಎಳ್ಳಮವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ ಬಂದ ಮರುದಿನ ಸ್ಥಾವರದಿಂದ ಸಿಲಿಂಡರು ಬಂತು. ಬೆಂಗಳೂರಿನ ನಿರ್ದೇಶಕ ಸಾಹೇಬರು ಫೋನಿನಲ್ಲಿ, "ವೆರಿ ಗುಡ್ ಅನಿಲ್, ಜನಭಾಷೆಯಲ್ಲಿ ವಿಜ್ಞಾನ, ಫೋಟೋ ಕಳಿಸಿ" ಎಂದು ಬೆನ್ನು ತಟ್ಟಿದರು. ಪೈಪನ್ನು ಹಗೇವಿನ ತಳಕ್ಕೆ ಇಳಿಸಿ ನಿಧಾನವಾಗಿ ಬಿಟ್ಟೆವು. ಬಾಯಿಗೆ ಚಪ್ಪಡಿ ಎಳೆದೆವು. ಹೊಟ್ಟು ಕಲಸಿದ ಮಣ್ಣನ್ನು ಶ್ವೇತಾ ತಾನೇ ಮೆತ್ತಿದಳು. "ನೀವು ಮೆತ್ತಿದ್ರ ಬಿರಕು ಬಿಡತೈತಿ" ಎಂದಳು. ಮುಂದಿನ ಅಮವಾಸ್ಯೆಗೆ ಊರ ಮುಂದೆ ಬಾಯಿ ತೆಗೆದು ಕಂದೀಲು ಇಳಿಸುವುದು, ಅದು ಉರಿಯದಿದ್ದರೆ ಗಾಳಿ ಒಳಗೇ ಇದೆ, ಹಾಗಿದ್ದರೆ ಠರಾವು ಎಂದು ಮಾತಾಯಿತು.

ಅಂದಿನಿಂದ ನನ್ನ ನಿದ್ದೆ ಹಾಳಾಯಿತು. ಬಂಡೆಯೊಳಗೆ ಸಾವಿರ ವರ್ಷ ಇರುತ್ತದೆ ಎಂದು ಭಾಷಣ ಮಾಡಿದ ಮನುಷ್ಯನಿಗೆ ನೆಲದೊಳಗೆ ಬೆಳಗಾಗುವವರೆಗೆ ಇರುತ್ತದೆಂಬ ಧೈರ್ಯವಿಲ್ಲ. ಕಂದೀಲು ಹಚ್ಚಿಕೊಂಡು ಬಂದು ಅವ್ವನ ಹೊರಸಿನ ಕಾಲಿನ ಬಳಿ ನೆಲಕ್ಕೆ ಹಿಡಿದು ನೋಡುತ್ತಿದ್ದೆ. ಜ್ವಾಲೆ ಸ್ವಲ್ಪ ಅಲ್ಲಾಡಿದರೂ ಬಗ್ಗಿ ಚಪ್ಪಡಿಯ ಅಂಚಿನ ಮಣ್ಣು ಸವರುತ್ತಿದ್ದೆ.

ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಏನ್ ಹುಡಕ್ತೀಯೋ?"

"ಪೆನ್ ಬಿದ್ದೈತಿ ಬೇ."

"ಮನ್ಯಾಗ ಲೈಟಿಲ್ಲೇನ?"

ಮರುದಿನ ಮುಂಜಾನೆ ನಾನೊಂದು ಕೆಲಸ ಮಾಡಿದೆ. ಅವ್ವನ ಹೊರಸನ್ನು ತಲೆಯ ಮೇಲೆ ಹೊತ್ತು, ಹೊರಗಿನ ಮೆಟ್ಟಿಲು ಹತ್ತಿ, ಮಾಳಿಗೆಯ ಮೇಲಿನ ತಗಡಿನ ಖೋಲಿಯಲ್ಲಿ ಹಾಕಿದೆ. "ಯವ್ವಾ, ಪಡಸಾಲ್ಯಾಗ ಭಾಳ ಧಗಿ ಆಗತೈತಿ. ನೀ ಮ್ಯಾಲ ಮಲಗು" ಎಂದೆ.

ಊರೆಲ್ಲ ಬೆಂಕಿ ಕಾಯಿಸಿಕೊಳ್ಳುತ್ತಿದ್ದ ತಿಂಗಳು ಅದು. ಅವ್ವ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಕೌದಿ ಬಗಲಲ್ಲಿ ಹಿಡಿದು, ಮೊಣಕಾಲಿನ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಹತ್ತಿದಳು. ಕೆಳಗೆ ಗಾಳೆವ್ವ ಕಸಬರಿಗೆ ಹಿಡಿದು ನಿಂತಿದ್ದಳು.

"ಹೊರಸು ಯಾಕ ಮ್ಯಾಲ ಹೊಂಟೈತ್ರಿ?"

"ಗಾಳಿ ಬರ್ಲಿ ಅಂತ."

"ಈ ಚಳ್ಯಾಗ?"

"ನಿನ್ನ ಕೆಲ್ಸಾ ನೀ ಮಾಡು" ಎಂದೆ. ಅವಳು ತನ್ನ ಕೆಲಸ ಮಾಡಿದಳು. ನೋಡುವುದೂ ನೆನಪಿಡುವುದೂ ಅವಳ ಕೆಲಸದಲ್ಲೇ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಶ್ವೇತಾಳಿಗೆ ನಮ್ಮ ಹಾಸಿಗೆಯನ್ನೂ ಮೇಲೆ ಒಯ್ಯೋಣ ಎಂದೆ. "ನಾ ಇಲ್ಲೇ ಒಳಗಿನ ಖೋಲ್ಯಾಗ ಇರತೀನಿ" ಎಂದಳು. "ನಿಮ್ಮ ಮಾತಿನ ಮ್ಯಾಲ ನಂಬಿಗಿ ಇಲ್ಲಂದ್ರೂ ಆ ಮಣ್ಣಿನ ಮ್ಯಾಲ ಐತಿ. ಅದನ್ನ ಮೆತ್ತಿದಾಕಿ ನಾನು." ಅವಳಿಗೆ ಎದುರಾಡದೆ ನಾನೂ ಕೆಳಗೇ ಉಳಿದೆ, ಕಿಟಕಿ ತೆರೆದಿಟ್ಟುಕೊಂಡು.

ಅಮವಾಸ್ಯೆ ಬಂತು. ಮುಂಜಾನೆಯೇ ಪಡಸಾಲೆ, ಕಟ್ಟೆ, ಓಣಿ ತುಂಬ ಜನ. ಅವ್ವ ಕೌದಿ ಹೊದ್ದು ಕಂಬಕ್ಕೆ ಒರಗಿ ಕೂತಿದ್ದಳು. ತಗಡಿನ ಕೆಳಗೆ ಮಲಗಿ ಮಲಗಿ ಅವಳಿಗೆ ಕೆಮ್ಮು ಹತ್ತಿತ್ತು. ನಾನು ಮಣ್ಣು ಕೆತ್ತಿದೆ, ಚಪ್ಪಡಿ ಸರಿಸಿದೆ, ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆ. ನೌಕರಿ, ಮಾತು, ಮರ್ಯಾದೆ ಎಲ್ಲ ಆ ಹಗ್ಗದ ತುದಿಯಲ್ಲಿದ್ದವು. ಬಾಯಿ ದಾಟಿತು, ಉರಿಯಿತು. ಇನ್ನೊಂದು ಮೊಳ ಇಳಿಯಿತು, ಉರಿಯಿತು. ನನಗೆ ಅಳು ಬರುವಂತಾಯಿತು. ಮತ್ತೊಂದು ಮೊಳ ಬಿಡುವಷ್ಟರಲ್ಲಿ ಜ್ವಾಲೆ ಸಣ್ಣದಾಯಿತು, ನೀಲಿಯಾಯಿತು, ಹೋಯಿತು.

"ಆರ್ತು, ಆರ್ತು" ಎಂದು ಕೂಗಿ ಚಪ್ಪಾಳೆ ಹೊಡೆದೆ.

ಇನ್ನಾರೂ ಹೊಡೆಯಲಿಲ್ಲ. ನಮ್ಮ ಮನೆಗಳಲ್ಲಿ ದೀಪ ಆರಿತು ಎಂದು ಯಾರೂ ಅನ್ನುವುದಿಲ್ಲ, ಶಾಂತ ಆಯಿತು ಎನ್ನುತ್ತಾರೆ, ಅದನ್ನೂ ಮೆಲ್ಲಗೆ. ಮುಂದೆ ಇದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ತಾಯಂದಿರು ಕೂಸುಗಳನ್ನು ಎತ್ತಿಕೊಂಡರು.

"ದೀಪ ಹೋಗಿದ್ದಕ್ಕ ಚಪ್ಪಾಳಿ ಹೊಡಿಯಾಂವನ್ನ ನಾ ಇವತ್ತ ನೋಡಿದೆ" ಎಂದು ಗಾಳೆವ್ವ ಯಾರಿಗೋ ಹೇಳಿದಳು.

ಆದರೆ ಮಹಾಲಿಂಗಪ್ಪ ಕಾಕಾ ವ್ಯಾಪಾರಿ ಮನುಷ್ಯ, ಮಾತಿಗೆ ನಿಂತವರು. ಬಗ್ಗಿ ಒಳಗೆ ನೋಡಿ ತಲೆಯಾಡಿಸಿದರು. "ಖರೇ ಐತಿ. ಇಟ್ಟ ಗಾಳಿ ಇಟ್ಟಲ್ಲೇ ಐತಿ. ಹುಡುಗ ಹೇಳಿದಂಗ ಮಾಡ್ಯಾನ. ಠರಾವು ಬರ್ಕೊಳ್ರಿ."

ನನ್ನ ಕಿವಿಯಲ್ಲಿ ಖಾಯಂ, ಖಾಯಂ ಎಂದು ಗಂಟೆ ಬಾರಿಸಿತು. ಕಲ್ಲು ಮತ್ತೆ ಮುಚ್ಚಲು ಬಗ್ಗಿದೆ. ಆಗ ಅವ್ವ ಕೆಮ್ಮಿದಳು. ಗಾಳೆವ್ವ ಅವಳ ಕಡೆ ನೋಡಿದಳು, ಆಮೇಲೆ ಚಪ್ಪಡಿಯ ಪಕ್ಕದ ಖಾಲಿ ಜಾಗದ ಕಡೆ.

"ಎಲ್ಲಾ ಚಲೋ ಆತ್ರಿ, ಅನಿಲಪ್ಪ. ಗಾಳಿ ಹೊರಗ ಬರಂಗಿಲ್ಲ ಅಂದ್ರ ನಿಮ್ಮವ್ವಾರ ಹೊರಸು ಯಾಕ ಮಾಳಿಗಿ ಹತ್ತೇತಿ?"

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಯಾರಾದರೂ ಅನ್ನುತ್ತಾರೆ ಎಂದು ಕಾದೆ. ಯಾರೂ ಅನ್ನಲಿಲ್ಲ, ಅನ್ನುವ ಗರಜಿರಲಿಲ್ಲ.

ಅವ್ವ ಕಂಬ ಹಿಡಿದು ಎದ್ದಳು. "ಅಂವಗ್ಯಾಕ ಕೇಳ್ತಿ? ನನಗ ಕೆಳಗ ಧಗಿ ಆಗತಿತ್ತು. ನಾನ ಮ್ಯಾಲ ಹಾಕು ಅಂದೆ" ಎಂದಳು. ಮೈಮೇಲೆ ಕೌದಿ, ತಲೆಗೆ ಸುತ್ತಿದ ಉಣ್ಣೆಯ ವಸ್ತ್ರ, ಮಾತು ಮುಗಿಸುವ ಮೊದಲೇ ಮತ್ತೆ ಕೆಮ್ಮು. ಜನ ನಕ್ಕರು. ಕೆಟ್ಟ ನಗುವಲ್ಲ, ಹಿರಿಯಳ ಮಾತಿಗೆ ಮರ್ಯಾದೆ ಕೊಟ್ಟು ಬಿಟ್ಟುಬಿಡುವ ನಗು. ಮಹಾಲಿಂಗಪ್ಪ ಕಾಕಾ ಕೂಡ, "ಇರ್ಲಿ ಬಿಡ್ರವಾ, ವಯಸ್ಸಾದವರಿಗೆ ಒಂದೊಂದು ಸಲ ಹಂಗ ಆಗತೈತಿ" ಎಂದು ಬೇರೆ ಕಡೆ ನೋಡಿದರು.

ನಾನು ಸುಮ್ಮನಿದ್ದರೆ ಸಾಕಾಗಿತ್ತು. ಬಾಯಿ ಮುಚ್ಚಿಕೊಂಡಿದ್ದಕ್ಕೆ ನೌಕರಿ ಸಿಗುವ ಅವಕಾಶ ಜನ್ಮದಲ್ಲಿ ಒಮ್ಮೆ ಬಂದಿತ್ತು. ಆದರೆ ಅವ್ವನ ಮುಖ ನೋಡಿದೆ. ಹುಡುಗಾಟಕ್ಕೂ ಸುಳ್ಳು ಹೇಳದ ಹೆಂಗಸು, ಊರ ಮುಂದೆ ಸುಳ್ಳು ಹೇಳಿ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ನನ್ನನ್ನೇ ನೋಡುತ್ತಿದ್ದಳು. ನನಗೆ ಸಿಟ್ಟು ಬಂತು. ಈ ಸಲ ಅದು ನನ್ನದೇ ಸಿಟ್ಟು, ನನ್ನ ಮೇಲೆಯೇ.

"ಸುಳ್ಳದು" ಎಂದೆ. "ಹೊರಸು ಒಯ್ದಾಂವ ನಾನು. ಅಂಜಿಕಿ ಆತು. ಲೆಕ್ಕ ಹಾಕಿದ್ರ ಏನೂ ಆಗಂಗಿಲ್ಲ, ಅದು ಗೊತ್ತೈತಿ ನನಗ. ಆದ್ರ ಮಲಗಿದಾಕಿ ನಮ್ಮವ್ವ."

ಮಹಾಲಿಂಗಪ್ಪ ಕಾಕಾ ಮೀಸೆ ತಿರುವಿದರು. ಆಮೇಲೆ ಮೆತ್ತಗೆ ಹೇಳಿದರು. "ನಾವೂ ಎಲ್ಲಾರೂ ಅವ್ವನ ಮಕ್ಕಳ ಅದೀವಿ ತಮ್ಮಾ. ಠರಾವಿಗೆ ನಾ ಬ್ಯಾಡ ಅನ್ನಂಗಿಲ್ಲ. ಒಂದ ಮಾತು ಸೇರ್ಸು. ಬೋರಿನ ಬಾಜೂಕ ನಿಮ್ಮ ಸಾಹೇಬರ ಮನಿ ಕಟ್ರಿ. ಅದರಾಗ ಅವರ ಅವ್ವ ಇರ್ಲಿ. ಕೇಳು, ಈಗ ಕೇಳು."

ಫೋನು ಹಚ್ಚಿದೆ. ಎಲ್ಲರೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ್ದು ನನ್ನ ಆ ದಿನದ ಎರಡನೆಯ ಜಾಣತನ.

"ಸರ್, ಊರಿನವರು ಒಪ್ಪಿದಾರ. ಒಂದು ಷರತ್ತು. ಬೋರಿನ ಪಕ್ಕದಲ್ಲೇ ನಮ್ಮ ಸಿಬ್ಬಂದಿ ವಸತಿ ಇರಬೇಕಂತ."

"ಏನ್ರೀ ಅನಿಲ್, ಅದು ಹೇಗಾಗುತ್ತೆ?" ಸಾಹೇಬರು ಪ್ರೀತಿಯಿಂದಲೇ ಹೇಳಿದರು. "ಸಿಬ್ಬಂದಿ ವಸತಿ ಸುರಕ್ಷಿತ ಅಂತರದಲ್ಲೇ ಇರಬೇಕು. ಅದು ನಿಯಮ ಅಲ್ವಾ?"

ನಾನು ಫೋನು ಇಟ್ಟೆ. ಮಂದಿ ಒಬ್ಬೊಬ್ಬರೇ ಎದ್ದರು. ಯಾರೂ ಬೈಯಲಿಲ್ಲ, ಮಹಾಲಿಂಗಪ್ಪ ಕಾಕಾ ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಹೋದರು, ಅದು ಬೈಗುಳಕ್ಕಿಂತ ಭಾರವಾಗಿತ್ತು. ಗಾಳೆವ್ವ ಮಾತ್ರ ಉಳಿದು ನಾನು ಕೆತ್ತಿದ ಮಣ್ಣನ್ನೆಲ್ಲ ಗುಡಿಸಿದಳು. "ಸಿಟ್ಟಾಗಬ್ಯಾಡ್ರಿ, ಅನಿಲಪ್ಪ. ಕೇಳದಿದ್ರ ಹೊಟ್ಟ್ಯಾಗ ಉಳೀತಿತ್ತು" ಎಂದಳು. ಶ್ವೇತಾ ಹಗೇವಿನ ಬಾಯಿ ಮುಚ್ಚಿ ಮತ್ತೆ ಹೊಸ ಮಣ್ಣು ಮೆತ್ತಿದಳು. ಒಳಗಿನದನ್ನು ಸ್ಥಾವರದವರೇ ಬಂದು ಹೀರಿಕೊಂಡು ಹೋಗಬೇಕು, ಅಲ್ಲಿಯವರೆಗೆ ಅದು ನಮ್ಮ ಮನೆಯ ಸೊತ್ತು. ನನ್ನ ನೌಕರಿ ಆ ತಿಂಗಳಿಗೇ ಮುಗಿಯಿತು. ಈಗ ಮತ್ತೆ ಬೆಳಗಿನ ಬಸ್ಸಿಗೆ ರೋಣಕ್ಕೆ ಹೋಗುತ್ತೇನೆ. ಬೋರು ಬೇರೆ ಕಡೆ ಆಗುತ್ತದಂತೆ, ಅಲ್ಲಿಗೂ ಊರಿನವನೇ ಒಬ್ಬ ಅಧಿಕಾರಿ ಸಿಕ್ಕಿದ್ದಾನಂತೆ. ಅವನಿಗೆ ಉಪಮೆ ಕೊಡಬೇಡಪ್ಪ ಎಂದು ಹೇಳಬೇಕು ಅಂದುಕೊಂಡಿದ್ದೇನೆ.

ಅಮವಾಸ್ಯೆಯ ಆ ಸಂಜೆ ಉಂಡ ಮೇಲೆ ಅವ್ವ, "ನನ್ನ ಹೊರಸು ಕೆಳಗ ತಾ" ಎಂದಳು.

"ಇನ್ನೂ ಒಳಗ ಐತಿ ಬೇ ಅದು."

"ಒಳಗ ಐತಿ ಅಂತ ಕಂದೀಲು ಹೇಳ್ತಲ್ಲ. ಒಳಗ ಇದ್ರ ಹೊರಗ ಇಲ್ಲ. ನೀ ಸಾಲೀ ಕಲ್ತಾಂವ, ಇಷ್ಟು ತಿಳಿಯೂದಿಲ್ಲ?"

ಹೊರಸು ಇಳಿಸಿದೆ. ಚಪ್ಪಡಿಯಿಂದ ದೂರ, ಬಾಗಿಲ ಸಂದಿಗೆ ಹಾಕಿದೆ. ಅವ್ವ ನೋಡಿದಳು, ಕೆಮ್ಮುತ್ತ ತಾನೇ ಎಳೆದುಕೊಂಡು ಹಳೆಯ ಜಾಗಕ್ಕೆ ಒಯ್ದು ಮಲಗಿದಳು. ನನ್ನ ಮಾತು ಊರಲ್ಲಿ ಯಾರೂ ನಂಬದಿದ್ದರೂ ತಾನು ನಂಬುತ್ತೇನೆ ಎಂದು ತೋರಿಸಲು ಅವಳಿಗೆ ಇದ್ದದ್ದು ಅದೊಂದೇ ದಾರಿ.

ನಾನು ಒಳಗಿನಿಂದ ಚಾಪೆ ತಂದು ಅವಳ ಹೊರಸಿಗೂ ಚಪ್ಪಡಿಗೂ ನಡುವೆ ನೆಲಕ್ಕೆ ಹಾಸಿದೆ.

"ಇಲ್ಲ್ಯಾಕ ಮಲಗ್ತೀಯೋ, ನೆಲಾ ಥಂಡಿ ಐತಿ."

"ಧಗಿ ಆಗೇತಿ ಬೇ" ಎಂದೆ.

ಅವ್ವ ನಕ್ಕು, ಕೌದಿಯ ಒಂದು ಅಂಚನ್ನು ಹೊರಸಿನಿಂದ ಕೆಳಗೆ ನನ್ನ ಮೈಮೇಲೆ ಇಳಿಬಿಟ್ಟಳು. ಹಗೇವಿನೊಳಗಿನದು ಭಾರದ ಗಾಳಿ. ಹೊರಬಿದ್ದರೆ ಮೊದಲು ಮುಟ್ಟುವುದು ನೆಲದ ಮೇಲೆ ಮಲಗಿದವನನ್ನು, ಹೊರಸಿನ ಮೇಲಿದ್ದವರಿಗೆ ಎದ್ದು ಹೋಗಲು ಹೊತ್ತು ಸಿಗುತ್ತದೆ. ಇದನ್ನೂ ನಾನು ಭಾಷಣದಲ್ಲಿ ಹೇಳಿದ್ದೆ, ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ.